ಬೆಂಗಳೂರಲ್ಲಿ ಬರ್ತ್‌ಡೇ ಊಟಕ್ಕೆ ಹೋಟ್ಲು ಆರಿಸೋದು ಹೇಗೆ

ಅಮ್ಮನ 60ನೇ ಹುಟ್ಟುಹಬ್ಬಕ್ಕೆ ನಾನು ಬುಕ್ ಮಾಡಿದ್ದು ಒಂದು ರೂಫ್‌ಟಾಪ್ ರೆಸ್ಟೋರೆಂಟು, ಫೋಟೋದಲ್ಲಿ ಎಷ್ಟು ಚೆನ್ನಾಗಿತ್ತು ಅಂದ್ರೆ ನೋಡಿದ ಐದು ನಿಮಿಷಕ್ಕೇ ಶನಿವಾರ ರಾತ್ರಿ 8 ಗಂಟೆ ಟೇಬಲ್ ಹಿಡ್ಕೊಂಡ್ಬಿಟ್ಟೆ. ಹೋಗಿ ನೋಡಿದ್ರೆ ಲಿಫ್ಟು ಒಂದು ಮಹಡಿ ಕೆಳಗೇ ನಿಲ್ಲತ್ತೆ, ಅಲ್ಲಿಂದ ಮೇಲಕ್ಕೆ ಕಬ್ಬಿಣದ ಮೆಟ್ಲು, ಕೂರೋಕೆ ಕಾಲು ನೆಲಕ್ಕೆ ತಾಗದಂಥ ಎತ್ತರದ ಸ್ಟೂಲು, ಸ್ಪೀಕರ್ ಸರಿಯಾಗಿ ನಮ್ಮ ತಲೆ ಮೇಲೆ. ಅಮ್ಮಂಗೆ ಶುಗರ್ ಇದೆ, ಎಂಟೂವರೆಗೆಲ್ಲ ಊಟ ಆಗ್ಬೇಕು, ಮೊದಲ್ನೇ ಪ್ಲೇಟ್ ಬಂದಿದ್ದು 9:40ಕ್ಕೆ. ಅವಳು ಏನೂ ಅನ್ಲಿಲ್ಲ, "ಚೆನ್ನಾಗಿದೆ ಕಣೋ" ಅಂದ್ಲು, ಮನೆಗೆ ಬಂದು ಸದ್ದಿಲ್ದೆ ಮೊಸರನ್ನ ಕಲಸ್ಕೊಂಡು ತಿಂದ್ಲು. ಆ ಮೊಸರನ್ನದ ತಟ್ಟೆ ನೋಡಿ ಆದ ಬೇಜಾರು ಇವತ್ತಿಗೂ ಹೋಗಿಲ್ಲ ನಂಗೆ. ಅದಾದ್ಮೇಲಿಂದ ಮನೇಲಿ, ಅಕ್ಕನ ಮನೇಲಿ, ಆಫೀಸಲ್ಲಿ ಯಾರ ಬರ್ತ್‌ಡೇ ಬಂದ್ರೂ ಹೋಟ್ಲು ಹುಡುಕೋ ಕೆಲ್ಸ ನಾನೇ ತಗೋತೀನಿ, ಹಾಗೆ ಮಾಡ್ತಾ ಮಾಡ್ತಾ ಗೊತ್ತಾಗಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಆಪ್ ತೆಗೀಬೇಡಿ. ಒಂದು ಪೇಪರ್ ತಗೊಂಡು ಯಾರ್ಯಾರು ಬರ್ತಾರೆ ಅಂತ ಹೆಸ್ರು ಬರೀರಿ, ಒಬ್ಬೊಬ್ಬರ ಮುಂದೆ ಅವರು ಏನು ತಿನ್ನಲ್ಲ, ಎಷ್ಟು ಹೊತ್ತಿಗೆ ತಿಂತಾರೆ, ಎಲ್ಲಿಂದ ಬರ್ಬೇಕು, ಮೆಟ್ಲು ಹತ್ತಕ್ಕಾಗತ್ತಾ, ಇಷ್ಟು ಬರ್ದ್ರೆ ಸಾಕು. ಅರ್ಧ ಹೋಟ್ಲುಗಳು ಅಲ್ಲೇ ಲಿಸ್ಟಿಂದ ಬಿದ್ದೋಗ್ತವೆ. ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಭಾವಂಗೆ ನಾನ್‌ವೆಜ್ ಇಲ್ದೆ ಪಾರ್ಟಿ ಅನ್ಸಲ್ಲ, ಆದ್ರೆ ಶನಿವಾರ ಮುಟ್ಟಲ್ಲ, ಚಿಕ್ಕಪ್ಪಂಗೆ ಮಂಡಿ ನೋವು, ಮಕ್ಳಿಗೆ ಖಾರ ಆಗಲ್ಲ, ಇದೆಲ್ಲ ಗೊತ್ತಿರೋದೇ ಆದ್ರೂ ಬರ್ದಿಟ್ಕೊಳ್ದೆ ಇದ್ರೆ ಬುಕ್ ಮಾಡೋ ಹೊತ್ತಲ್ಲಿ ಒಂದಾದ್ರೂ ಮರ್ತೇ ಹೋಗತ್ತೆ. ಶ್ರಾವಣ ಮಾಸ, ಏಕಾದಶಿ, ಸಂಕಷ್ಟಿ ಇವನ್ನೂ ಕ್ಯಾಲೆಂಡರಲ್ಲಿ ಒಂದ್ಸಲ ನೋಡ್ಕೊಳ್ಳಿ. ನಮ್ಮನೇಲಿ ಒಂದ್ಸಲ ಸಂಕಷ್ಟಿ ದಿನ ಬುಕ್ ಮಾಡಿ, ಬಂದವರಲ್ಲಿ ಮೂರು ಜನ ಚಂದ್ರ ಕಾಣೋವರ್ಗೂ ಬರೀ ಜ್ಯೂಸ್ ಕುಡ್ಕೊಂಡು ಕೂತಿದ್ರು.

ಆಮೇಲೆ ಜಾಗ. ಬೆಂಗಳೂರಲ್ಲಿ ಇದು ರುಚಿಗಿಂತ ಮುಖ್ಯ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ವೈಟ್‌ಫೀಲ್ಡಲ್ಲಿ ಎಷ್ಟೇ ಒಳ್ಳೆ ಊಟ ಇದ್ರೂ ರಾಜಾಜಿನಗರದಿಂದ ಶುಕ್ರವಾರ ಸಂಜೆ ಎರಡು ಗಂಟೆ ಕ್ಯಾಬಲ್ಲಿ ಕೂತು ಬಂದವರಿಗೆ ಯಾವ ಊಟಾನೂ ರುಚಿಸಲ್ಲ. ಜನ ಊರಿನ ಎಲ್ಲ ಮೂಲೆಯಿಂದ ಬರೋದಾದ್ರೆ ಮೆಟ್ರೋ ಹಿಡ್ಕೊಂಡು ಯೋಚ್ನೆ ಮಾಡಿ. ಪರ್ಪಲ್ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರ್ಗೂ 2023ರ ಅಕ್ಟೋಬರಿಂದ ಪೂರ್ತಿ ಓಡ್ತಿದೆ, ಹಂಗಾಗಿ ಎಂ.ಜಿ. ರೋಡ್ ಸ್ಟೇಷನ್ ಹತ್ರ, ಅಂದ್ರೆ ಚರ್ಚ್ ಸ್ಟ್ರೀಟ್, ಸೇಂಟ್ ಮಾರ್ಕ್ಸ್ ರೋಡ್ ಸುತ್ತಮುತ್ತ ಇಟ್ಕೊಂಡ್ರೆ ಪೂರ್ವ ಪಶ್ಚಿಮ ಎರಡೂ ಕಡೆಯವರಿಗೆ ಸರಿ ಹೋಗತ್ತೆ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ 2025ರ ಆಗಸ್ಟಲ್ಲಿ ಯೆಲ್ಲೋ ಲೈನ್ ಶುರುವಾದ್ಮೇಲೆ ತುಂಬಾ ಅನುಕೂಲ ಆಗಿದೆ, ಆರ್.ವಿ. ರೋಡಲ್ಲಿ ಇಳಿದು ಗ್ರೀನ್ ಲೈನಲ್ಲಿ ಒಂದೇ ಸ್ಟಾಪ್ ಬಂದ್ರೆ ಜಯನಗರ, ಇನ್ನೂ ಸ್ವಲ್ಪ ಮುಂದೆ ಬಂದ್ರೆ ಲಾಲ್‌ಬಾಗ್, ನ್ಯಾಷನಲ್ ಕಾಲೇಜು. ಸಿಲ್ಕ್ ಬೋರ್ಡ್ ಜಂಕ್ಷನಲ್ಲಿ ಕಾರ್ ನಿಲ್ಲಿಸ್ಕೊಂಡು ಕೂರೋದಕ್ಕಿಂತ ಎಷ್ಟೋ ವಾಸಿ. ವಯಸ್ಸಾದವರು ಇರೋದಾದ್ರೆ ಮಾತ್ರ ಲೆಕ್ಕ ಬದ್ಲಾಗತ್ತೆ, ಅವರ ಮನೆಗೆ ಹತ್ರ ಇರೋ ಹೋಟ್ಲಿಗೆ ಉಳಿದವರೆಲ್ಲ ಹೋಗೋದೇ ಸರಿ.

ಹೊತ್ತು. ಎಲ್ರೂ ರಾತ್ರಿ ಊಟಾನೇ ಯಾಕೆ ಯೋಚ್ನೆ ಮಾಡ್ತಾರೋ ಗೊತ್ತಿಲ್ಲ. ಶನಿವಾರ ಭಾನುವಾರ ರಾತ್ರಿ ಎಂಟರಿಂದ ಹತ್ತರವರ್ಗೂ ಇಡೀ ಊರು ಹೊರಗೆ ಇರತ್ತೆ, ಅಡುಗೆಮನೆ ಮೇಲೆ ಒತ್ತಡ ಜಾಸ್ತಿ, ಬಡಿಸೋರಿಗೆ ಪುರುಸೊತ್ತಿಲ್ಲ, ಹಿಂದೆ ಇನ್ನೊಂದು ಗುಂಪು ಟೇಬಲ್ ಖಾಲಿ ಆಗೋದನ್ನೇ ಕಾಯ್ಕೊಂಡು ನಿಂತಿರತ್ತೆ. ಅದೇ ಭಾನುವಾರ ಮಧ್ಯಾಹ್ನ 12:30ಕ್ಕೆ ಹೋಗಿ, ಮೊದಲ್ನೇ ಪಂಕ್ತಿ ನಿಮ್ದೇ ಆಗತ್ತೆ, ಬಿಸಿಬಿಸಿ ಸಿಗತ್ತೆ, ಮಕ್ಳು ನಿದ್ದೆಗಣ್ಣಲ್ಲಿ ಅಳಲ್ಲ, ಅಜ್ಜಿ ತಾತಂದ್ರು ಕತ್ತಲಾಗೋ ಮುಂಚೆ ಮನೇಲಿರ್ತಾರೆ. ವಾರದ ದಿನ ಸಿಕ್ಕಿದ್ರೆ ಇನ್ನೂ ಒಳ್ಳೇದು, ಬಫೆ ಹೋಟ್ಲುಗಳಲ್ಲಿ ವಾರದ ದಿನದ ಮಧ್ಯಾಹ್ನದ ರೇಟು ವೀಕೆಂಡ್ ರಾತ್ರಿಗಿಂತ ಎಷ್ಟೋ ಕಡ್ಮೆ ಇರತ್ತೆ.

ಬೆಳಗ್ಗೆ ತಿಂಡೀನೇ ಬರ್ತ್‌ಡೇ ಪಾರ್ಟಿ ಮಾಡಿದ್ರೆ ಹೇಗಿರತ್ತೆ ಅಂತ ಯಾರೂ ಕೇಳಲ್ಲ, ನನ್ನ ಪ್ರಕಾರ ಈ ಊರಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ. ಅಪ್ಪನ ಹುಟ್ಟುಹಬ್ಬಕ್ಕೆ ನಾವು ಮೂರು ವರ್ಷದಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೇ ಹೋಗೋದು, 1943ರಿಂದ ಇರೋ ಹೋಟ್ಲು, ಅಪ್ಪ ಓದೋ ಕಾಲದಲ್ಲಿ ಅಲ್ಲೇ ದೋಸೆ ತಿಂತಿದ್ದಿದ್ದು, ಕೈ ತುಂಬಾ ದೋಸೆ ಪ್ಲೇಟುಗಳನ್ನ ಒಂದರ ಮೇಲೊಂದು ಜೋಡಿಸ್ಕೊಂಡು ಬರೋ ಸಪ್ಲೈಯರ್‌ನ ನೋಡಿ ಅಪ್ಪಂಗೆ ಬರೋ ಖುಷಿ ಯಾವ ಸರ್ಪ್ರೈಸ್ ಕೇಕಿಗೂ ಬರಲ್ಲ. ಆದ್ರೆ ಶುಕ್ರವಾರ ರಜ, ಭಾನುವಾರ ಹೋದ್ರೆ ಹೆಸ್ರು ಬರ್ಸಿ ತುಂಬಾ ಹೊತ್ತು ಹೊರಗೆ ನಿಲ್ಬೇಕು, ಹಾಗಾಗಿ ವಾರದ ದಿನ ಬಾಗಿಲು ತೆಗೆಯೋ ಹೊತ್ತಿಗೇ ಹೋಗ್ಬೇಕು. ಲಾಲ್‌ಬಾಗ್ ರೋಡಿನ ಎಂ.ಟಿ.ಆರ್. ಇನ್ನೂ ಹಳೇದು, 1924ರದ್ದು, ಯುದ್ಧದ ಕಾಲದಲ್ಲಿ ಅಕ್ಕಿ ಸಿಗ್ದೆ ಇದ್ದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಅಂತ ಅವರು ಹೇಳೋದು. ಅಲ್ಲಿ ಸೋಮವಾರ ರಜ. ಬೆಣ್ಣೆ ದೋಸೆ ಬೇಕು ಅನ್ನೋರಿಗೆ ಮಲ್ಲೇಶ್ವರದ ಸಿ.ಟಿ.ಆರ್. ಇದೆ. ಇಂಥ ಜಾಗಗಳಿಗೆ ಒಂದು ಮಾತು: ಹತ್ತು ಹದಿನೈದು ಜನ ಒಟ್ಟಿಗೆ ಹೋಗಿ ಒಂದೇ ಟೇಬಲ್ ಕೇಳಕ್ಕಾಗಲ್ಲ, ಕೇಕ್ ಕಟ್ ಮಾಡೋ ಜಾಗ ಅಲ್ಲ, ತಿಂದು ಎದ್ದು ಇನ್ನೊಬ್ರಿಗೆ ಬಿಡ್ಬೇಕು. ಆರು ಜನದವರ್ಗೂ ಸರಿ, ಆಮೇಲೆ ಲಾಲ್‌ಬಾಗಲ್ಲಿ ಒಂದು ಸುತ್ತು ನಡೆದು ಅಲ್ಲೇ ಎಲ್ಲಾದ್ರೂ ಕೂತು ಮಾತಾಡಿ.

ಈಗ ಯಾರಿಗೆ ಎಂಥ ಹೋಟ್ಲು ಅನ್ನೋದಕ್ಕೆ ಬರ್ತೀನಿ. ವೆಜ್ ನಾನ್‌ವೆಜ್ ಎರಡೂ ಇರೋ ಕುಟುಂಬಕ್ಕೆ ಜನ ಸುಮ್ನೆ ನಾರ್ತ್ ಇಂಡಿಯನ್ ಕಡೆ ಓಡ್ತಾರೆ, ಪನ್ನೀರ್ ಬಟರ್ ಮಸಾಲ ಒಂದು ಕಡೆ, ಬಟರ್ ಚಿಕನ್ ಒಂದು ಕಡೆ, ಅಲ್ಲಿಗೆ ಮುಗೀತು. ನಾನು ಹೇಳೋದು ಆಂಧ್ರ ಊಟದ ಹೋಟ್ಲು ನೋಡಿ ಅಂತ. ರೆಸಿಡೆನ್ಸಿ ರೋಡಿನ ನಾಗಾರ್ಜುನ ಥರದ ಕಡೆ ಬಾಳೆಎಲೆ ಹಾಕಿ ಪಪ್ಪು, ಪಲ್ಯ, ಪುಡಿ ತುಪ್ಪ, ರಸಂ ಎಲ್ಲ ವೆಜ್ ಊಟಾನೇ ಬಡಿಸ್ತಾರೆ, ನಾನ್‌ವೆಜ್ ಬೇಕಾದವರು ಬಿರಿಯಾನಿನೋ ಚಿಲ್ಲಿ ಚಿಕನ್ನೋ ಬೇರೆ ಹೇಳ್ಕೋತಾರೆ, ಹಂಗಾಗಿ ವೆಜ್ ತಿನ್ನೋರಿಗೆ ಮೂಲೆಗೆ ಬಿದ್ದಂಗೆ ಅನ್ಸಲ್ಲ. ಮಕ್ಳಿಗೆ ಖಾರ ಅನ್ನೋದು ಒಂದೇ ತೊಂದರೆ, ಮೊಸರು ಜಾಸ್ತಿ ಕೇಳಿ ಇಟ್ಕೊಳ್ಳಿ. ಮೀನು ಪ್ರಿಯರು ಜಾಸ್ತಿ ಇದ್ರೆ ಕರಾವಳಿ ಊಟದ ಹೋಟ್ಲು, ನೀರ್ ದೋಸೆ ಎಲ್ಲರೂ ತಿಂತಾರೆ, ಕೋರಿ ರೊಟ್ಟಿ, ಅಂಜಲ್ ಫ್ರೈ, ಕುಂದಾಪುರದ ಕಡೆಯ ಘೀ ರೋಸ್ಟ್ ಇದ್ರೆ ಬೇರೇನೂ ಬೇಡ. ಸ್ವಲ್ಪ ಜಾಸ್ತಿ ದುಡ್ಡು ಖರ್ಚು ಮಾಡೋ ದೊಡ್ಡ ಹುಟ್ಟುಹಬ್ಬ ಆದ್ರೆ ಇದೇ ಊಟವನ್ನ ರೆಸಿಡೆನ್ಸಿ ರೋಡಿನ ಕರಾವಳಿ ರೆಸ್ಟೋರೆಂಟಲ್ಲಿ ನಿಧಾನವಾಗಿ ಕೂತು ತಿನ್ಬೋದು. ಉತ್ತರ ಕರ್ನಾಟಕದ ಕಡೆಯವರಿಗೆ ಜೋಳದ ರೊಟ್ಟಿ, ಎಣ್ಗಾಯಿ, ಶೇಂಗಾ ಚಟ್ನಿ ಸಿಗೋ ಹೋಟ್ಲಲ್ಲಿ ಮಾಡಿ ನೋಡಿ, ಕಲಬುರಗಿಯಿಂದ ಬಂದು ಇಲ್ಲಿ ಪಿ.ಜಿ.ಲಿ ಇರೋ ನಮ್ಮ ಆಫೀಸಿನ ಹುಡುಗಿಗೆ ಹಂಗೆ ಮಾಡಿದ್ವಿ, ಮೊದಲ್ನೇ ತುತ್ತಿಗೇ ಅವಳ ಕಣ್ಣಲ್ಲಿ ನೀರು ಬಂತು.

ಅಮ್ಮ, ಅಜ್ಜಿ, ಅತ್ತೆಯಂಥವರ ಹುಟ್ಟುಹಬ್ಬಕ್ಕೆ ಮೂರೇ ವಿಷಯ ನೋಡಿ, ಬೆನ್ನಿಗೆ ಆನಿಸೋ ಕುರ್ಚಿ, ಮಾತು ಕೇಳಿಸೋ ಸದ್ದು, ಅದೇ ಮಹಡಿಯಲ್ಲಿ ಟಾಯ್ಲೆಟ್. ಮೆನು ಆಮೇಲೆ. ಮೇಣದಬತ್ತಿ ಊದಿ ಆರಿಸೋದು ಹಿರಿಯರಲ್ಲಿ ತುಂಬಾ ಜನಕ್ಕೆ ಮನಸ್ಸಿಗೆ ಹಿಡಿಸಲ್ಲ, ದೀಪ ಆರಿಸ್ಬಾರ್ದು ಅಂತ, ಅವರಿಗೆ ಕೇಕ್ ಬದ್ಲು ಮನೇಲೇ ಆರತಿ ಮಾಡಿ, ಹೋಟ್ಲಲ್ಲಿ ಹೋಳಿಗೆನೋ ಪಾಯಸಾನೋ ಮೊದಲು ಬಡಿಸಕ್ಕೆ ಹೇಳಿ. ಎಷ್ಟೋ ಕಡೆ ಹಿಂದಿನ ದಿನ ಹೇಳಿದ್ರೆ ಮೆನುವಲ್ಲಿ ಇಲ್ದೆ ಇದ್ರೂ ಮಾಡ್ಕೊಡ್ತಾರೆ, ಕೇಳೋರು ಇಲ್ಲ ಅಷ್ಟೇ.

ಮಕ್ಳ ಪಾರ್ಟಿಗೆ ಬಾರ್ಬೆಕ್ಯೂ ನೇಷನ್ ಥರದ ಟೇಬಲ್ ಮೇಲೇ ಗ್ರಿಲ್ ಇಡೋ ಬಫೆಗಳು ಓಡೋದು ಸುಮ್ನೆ ಅಲ್ಲ, ಹೇಳದೇನೇ ಕಡ್ಡಿಗಳು ಬರ್ತಾನೇ ಇರ್ತವೆ, ಸಾಕು ಅಂದ್ರೆ ಟೇಬಲ್ ಮೇಲಿನ ಪುಟ್ಟ ಬಾವುಟ ಇಳಿಸ್ಬೇಕು, ಸ್ಟಾಫ್ ಬಂದು ಹಾಡು ಹೇಳ್ತಾರೆ, ಐಸ್‌ಕ್ರೀಮ್ ಎಷ್ಟು ಬೇಕಾದ್ರೂ ತಿನ್ಬೋದು. ಹತ್ತು ವರ್ಷದ ಮಕ್ಳಿಗೆ ಸ್ವರ್ಗ. ತೀರಾ ಚಿಕ್ಕ ಮಕ್ಳು ಇದ್ರೆ ಮಾತ್ರ ಆ ಕೆಂಡದ ಹತ್ರ ಕೂರಿಸ್ಬೇಡಿ, ಮತ್ತೆ ಮಕ್ಳ ರೇಟು ಎಷ್ಟು ವಯಸ್ಸಿನವರ್ಗೂ ಅಂತ ಮುಂಚೇನೇ ಕೇಳಿ. ಊಟ ಕಡ್ಮೆ ತಿನ್ನೋ ಹಿರಿಯರೇ ಜಾಸ್ತಿ ಇರೋ ಗುಂಪಿಗೆ ಬಫೆ ದಂಡ, ತಲೆಗಿಷ್ಟು ಅಂತ ಕೊಟ್ಟು ಅವರು ಎರಡು ತುಂಡು ತಿಂದು ಎದ್ದೇಳ್ತಾರೆ.

ಫ್ರೆಂಡ್ಸ್ ಗುಂಪಾದ್ರೆ ಇಂದಿರಾನಗರ ಹಂಡ್ರೆಡ್ ಫೀಟ್ ರೋಡು, ಕೋರಮಂಗಲ ಕಡೆ ಬ್ರೂವರಿಗಳು ಗೊತ್ತೇ ಇದೆ, ಜಾಸ್ತಿ ಹೇಳಲ್ಲ. ಕರ್ನಾಟಕದಲ್ಲಿ 21 ಆಗಿರ್ಬೇಕು, ಐಡಿ ಕೇಳ್ತಾರೆ, ಗುಂಪಲ್ಲಿ ಒಬ್ರಿಗೆ 20 ಇದ್ರೂ ಬಾಗಿಲಲ್ಲೇ ಮುಜುಗರ ಆಗತ್ತೆ, ಹಾಗಾಗಿ ಕಾಲೇಜ್ ಹುಡುಗ್ರ ಪಾರ್ಟಿಗೆ ಅಂಥ ಜಾಗ ಬೇಡ. ಹುಕ್ಕಾ ಇದೆ ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಅಲ್ಲಿಗೆ ಹೋಗ್ಲೇಬೇಡಿ, ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಅದು ಬ್ಯಾನ್.

ಎರಡು ಮೂರು ಹೋಟ್ಲು ಉಳಿದ ಮೇಲೆ ಫೋನ್ ಮಾಡಿ. ಆಪಲ್ಲಿ ಟೇಬಲ್ ಸಿಗತ್ತೆ ನಿಜ, ಆದ್ರೆ ಹುಟ್ಟುಹಬ್ಬಕ್ಕೆ ಬೇಕಾದ್ದು ಫೋನಲ್ಲೇ ತಿಳಿಯೋದು. ನಾನು ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಮಾಡ್ತೀನಿ, ಊಟದ ರಶ್ ಮುಗಿದು ಮ್ಯಾನೇಜರ್ ನೆಮ್ಮದಿಯಾಗಿರ್ತಾರೆ. "ಸರ್, ಭಾನುವಾರ ಮಧ್ಯಾಹ್ನಕ್ಕೆ 14 ಜನ, ನಮ್ಮ ಅಮ್ಮನ ಬರ್ತ್‌ಡೇ, ಎಲ್ರೂ ಒಂದೇ ಕಡೆ ಕೂರಕ್ಕಾಗತ್ತಾ, ಕೆಳಗಡೆ ಟೇಬಲ್ ಸಿಗತ್ತಾ, ಕೇಕ್ ಹೊರಗಿಂದ ತರ್ಬೋದಾ, ಅದಕ್ಕೆ ಚಾರ್ಜ್ ಇದ್ಯಾ, ಎಷ್ಟು ಹೊತ್ತು ಟೇಬಲ್ ಇಟ್ಕೋಬೋದು, ಅಡ್ವಾನ್ಸ್ ಕೊಟ್ರೆ ಜನ ಕಡ್ಮೆ ಆದ್ರೆ ಏನ್ಮಾಡ್ತೀರಾ?" ಇಷ್ಟು ಕೇಳಿ. ಉತ್ತರಕ್ಕಿಂತ ಉತ್ತರ ಕೊಡೋ ರೀತಿ ನೋಡಿ, ಫೋನಲ್ಲೇ ಸಿಡಿಮಿಡಿ ಅನ್ನೋರು ಆ ದಿನ ಇನ್ನೂ ಹಂಗೇ ಇರ್ತಾರೆ. ಒಪ್ಕೊಂಡಿದ್ದೆಲ್ಲ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕ್ಸಿಕೊಳ್ಳಿ, ಯಾಕಂದ್ರೆ ಫೋನಲ್ಲಿ ಮಾತಾಡಿದವರು ಆವತ್ತು ಡ್ಯೂಟೀಲಿ ಇರಲ್ಲ. ಇನ್ನೊಂದು, 14 ಜನಕ್ಕೆ ರೈಲಿನಂಥ ಉದ್ದ ಟೇಬಲ್ ಹಾಕಿದ್ರೆ ಈ ತುದಿಯವರು ಆ ತುದಿಯವರ ಜೊತೆ ಒಂದು ಮಾತೂ ಆಡಲ್ಲ, ಪಕ್ಕಪಕ್ಕ ಎರಡು ಟೇಬಲ್ ಕೇಳಿ, ಬರ್ತ್‌ಡೇ ಇರೋರನ್ನ ತುದೀಲಿ ಬೇಡ, ಮಧ್ಯದಲ್ಲಿ ಕೂರ್ಸಿ.

ಆರ್ಡರ್ ಮಾಡೋದೂ ಮುಂಚೇನೇ ಮುಗಿಸ್ಕೊಂಡ್ರೆ ಆ ಇಪ್ಪತ್ತು ನಿಮಿಷದ ಗದ್ದಲ ಇರಲ್ಲ. ಮೂರು ಜನಕ್ಕೆ ಒಂದು ಪ್ಲೇಟ್ ಲೆಕ್ಕದಲ್ಲಿ ನಾಲ್ಕು ಥರ ಸ್ಟಾರ್ಟರ್ ಹೇಳಿಟ್ಟು, ಕೂತ ತಕ್ಷಣ ಬರೋ ಹಾಗೆ ಮಾಡಿ, ಮುಖ್ಯ ಊಟ ಆಮೇಲೆ ನಿಧಾನಕ್ಕೆ ಹೇಳಿ.

ಕೇಕ್ ಬಗ್ಗೆ ನಂಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ. ಐದು ಕೆಜಿ ಫಾಂಡೆಂಟ್ ಕೇಕ್ ತಂದು ಮೇಲಿನ ಸಕ್ಕರೆ ಪದರ ಎಲ್ಲ ಪ್ಲೇಟಲ್ಲೇ ಬಿಟ್ಟೋಗೋದು ಎಷ್ಟು ಸಲ ನೋಡಿದೀನಿ. ಹೊಟ್ಟೆ ತುಂಬಾ ಊಟ ಆದ್ಮೇಲೆ ಒಬ್ಬೊಬ್ರಿಗೆ 50 ಗ್ರಾಂ ಸಾಕು, ಅಂದ್ರೆ 14 ಜನಕ್ಕೆ ಮುಕ್ಕಾಲು ಕೆಜಿ ಸುಮಾರು, ಒಂದು ಕೆಜಿ ತಂದ್ರೆ ಧಾರಾಳ ಆಯ್ತು. ಮೊಟ್ಟೆ ತಿನ್ನದವರು ಇದ್ರೆ ಎಗ್‌ಲೆಸ್ ಅಂತ ಬೇಕರಿಯವರ ಬಾಯಲ್ಲೇ ಕೇಳಿ ಖಾತ್ರಿ ಮಾಡ್ಕೊಳ್ಳಿ. ನಮ್ಮ ಅಯ್ಯಂಗಾರ್ ಬೇಕರಿ ಹನಿ ಕೇಕನ್ನ ಒಂದು ಟ್ರೇ ಹೇಳಿ ಮಾಡ್ಸಿ ಅದಕ್ಕೇ ಕ್ಯಾಂಡಲ್ ಹಚ್ಚಿ ನೋಡಿ, ಜಾಮ್ ಕೊಬ್ರಿ ತುರಿ ಹಾಕಿರೋ ಅದೇ ಕೆಂಪು ಹನಿ ಕೇಕು, ನಲವತ್ತು ದಾಟಿದವರೆಲ್ಲ ಸ್ಕೂಲ್ ದಿನದ ಕಥೆ ಶುರು ಮಾಡ್ತಾರೆ. ಕೇಕೇ ಬೇಡ ಅಂದ್ರೆ ಊಟ ಮುಗಿಸಿ ಕಾರ್ನರ್ ಹೌಸಿಗೆ ಹೋಗಿ ಡಿ.ಬಿ.ಸಿ., ಅಂದ್ರೆ ಡೆತ್ ಬೈ ಚಾಕೊಲೇಟ್ ಹೇಳಿ, 1982ರಿಂದ ಈ ಊರಿನವರಿಗೆ ಐಸ್‌ಕ್ರೀಮ್ ಅಂದ್ರೆ ಅದೇ, ಒಂದು ಕಪ್ಪಿಗೆ ಎರಡು ಚಮಚ ಹಾಕಿ ತಿನ್ಬೇಕು.

ಸ್ನೋ ಸ್ಪ್ರೇ ಮಾತ್ರ ದಯವಿಟ್ಟು ತರ್ಬೇಡಿ. ಆ ಡಬ್ಬಿಯಲ್ಲಿ ಬೆಂಕಿ ಹಿಡಿಯೋ ಅನಿಲ ಇರತ್ತೆ, ಕ್ಯಾಂಡಲ್ ಉರೀತಿರೋವಾಗ ಹೊಡೆದ್ರೆ ಮುಖಕ್ಕೇ ಬೆಂಕಿ ಬರತ್ತೆ, ಕೂದ್ಲು ಸುಟ್ಕೊಂಡ ಮಗೂನ ನಾನೇ ಕಣ್ಣಾರೆ ನೋಡಿದೀನಿ. ಹೊಗೆ ಬರೋ ಸ್ವೀಟು, ಹೊಗೆ ಬರೋ ಪಾನ್ ಇವೂ ಬೇಡ, ಲಿಕ್ವಿಡ್ ನೈಟ್ರೋಜನ್ ಪೂರ್ತಿ ಆವಿ ಆಗೋ ಮುಂಚೆ ಹೊಟ್ಟೆಗೆ ಹೋದ್ರೆ ಒಳಗೆ ಗಾಯ ಮಾಡತ್ತೆ, ಮಕ್ಳು ನೋಡಿದ ತಕ್ಷಣ ಬಾಯಿಗೆ ಹಾಕ್ಕೊಂಡ್ಬಿಡ್ತಾರೆ.

ದುಡ್ಡಿನ ಲೆಕ್ಕ. ಸಾಮಾನ್ಯ ರೆಸ್ಟೋರೆಂಟಲ್ಲಿ ಜಿ.ಎಸ್‌.ಟಿ. 5 ಪರ್ಸೆಂಟು, ಅದೇ ದಿನದ ರೂಮ್ ಬಾಡಿಗೆ 7,500 ರೂಪಾಯಿ ಮೀರಿರೋ ದೊಡ್ಡ ಹೋಟ್ಲೊಳಗಿನ ರೆಸ್ಟೋರೆಂಟ್ ಆದ್ರೆ 18 ಪರ್ಸೆಂಟು. ಮೆನು ಪ್ರಕಾರ 10,000 ಆದ್ರೆ ಮೊದಲ್ನೇ ಕಡೆ 10,500, ಎರಡನೇ ಕಡೆ 11,800, ಅದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜೂ ಸೇರಿಸಿ ಟ್ಯಾಕ್ಸ್ ಹಾಕಿದ್ರೆ 12,980. ಬಜೆಟ್ ಹೇಳೋವಾಗ ಈ ಕೊನೇ ನಂಬರ್ ಇಟ್ಕೊಂಡು ಹೇಳಿ. ಸರ್ವಿಸ್ ಚಾರ್ಜ್ ಕೊಡ್ಲೇಬೇಕು ಅಂತಿಲ್ಲ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ತಾನಾಗೇ ಬಿಲ್ಲಿಗೆ ಸೇರಿಸ್ಬಾರ್ದು ಅಂತ ಹೇಳಿತ್ತು, ಹೋಟ್ಲಿನವರ ಸಂಘಗಳು ಕೋರ್ಟಿಗೆ ಹೋದ್ವು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದೇ ಸರಿ ಅಂತು. ತೆಗೀರಿ ಅಂತ ಮೆತ್ತಗೆ ಕೇಳಿ, ಜಗಳಕ್ಕೆ ಬಂದ್ರೆ ಗ್ರಾಹಕರ ಸಹಾಯವಾಣಿ 1915 ಇದೆ. ಹುಟ್ಟುಹಬ್ಬದ ದಿನ ಎಲ್ಲರ ಮುಂದೆ ವಾದ ಮಾಡೋ ಬದ್ಲು ಬುಕ್ ಮಾಡೋವಾಗ್ಲೇ ಕೇಳಿ ತೀರ್ಮಾನ ಮಾಡ್ಕೊಳ್ಳೋದು ಒಳ್ಳೇದು. ಆಪ್ ಆಫರುಗಳು ಕೆಲವು ಸಲ ಬಫೆಗೆ, ವೀಕೆಂಡಿಗೆ ನಡೆಯಲ್ಲ, ಅದರ ಕೆಳಗಿನ ಸಣ್ಣ ಅಕ್ಷರ ಓದಿ.

ರಿವ್ಯೂ ಓದೋದು ಹೇಗೆ ಅಂತ ಎಲ್ರೂ ಕೇಳ್ತಾರೆ. ನಾನು ಸ್ಟಾರ್ ನೋಡಲ್ಲ, ಇತ್ತೀಚಿನ ಒಂದೆರಡು ತಿಂಗಳ ಮೂರು ಸ್ಟಾರ್ ರಿವ್ಯೂಗಳನ್ನ ಓದ್ತೀನಿ, ಅದರಲ್ಲಿ ಊಟ ಹೇಗಿತ್ತು, ಏನು ಸರಿ ಇರ್ಲಿಲ್ಲ ಎರಡೂ ನ್ಯಾಯವಾಗಿ ಬರ್ದಿರ್ತಾರೆ. ಗಿರಾಕಿಗಳು ಹಾಕಿರೋ ಫೋಟೋದಲ್ಲಿ ಊಟಕ್ಕಿಂತ ಕುರ್ಚಿ, ಮೆಟ್ಲು, ಟೇಬಲ್ ನಡುವಿನ ಜಾಗ ನೋಡಿ. ಆಗೋದಾದ್ರೆ ಹಿಂದಿನ ವಾರ ಇಬ್ರು ಹೋಗಿ ಒಂದು ಕಾಫಿ ಕುಡಿದು ಬನ್ನಿ, ಹತ್ತು ನಿಮಿಷದಲ್ಲಿ ಎಲ್ಲ ಗೊತ್ತಾಗತ್ತೆ.

ಅಮ್ಮನ 65ಕ್ಕೆ ನಾನು ಹಂಗೇ ಮಾಡಿದ್ದು. ಮನೆಯಿಂದ ಹತ್ತು ನಿಮಿಷದ ದಾರಿಯ ವೆಜ್ ಹೋಟ್ಲು, ಭಾನುವಾರ ಮಧ್ಯಾಹ್ನ 12:30, ಕೆಳಗಿನ ಮಹಡಿ, ಬಾಳೆಎಲೆ, ಮೊದಲು ಬೇಳೆ ಹೋಳಿಗೆ ಮೇಲೆ ತುಪ್ಪ. ಹಿಂದಿನ ಸಂಜೆ ಫೋನ್ ಮಾಡಿ ಇನ್ನೊಮ್ಮೆ ಖಾತ್ರಿ ಮಾಡ್ಕೊಂಡಿದ್ದೆ, ಅಮ್ಮನ ಮಾತ್ರೆ ಡಬ್ಬಿ ನನ್ನ ಜೇಬಲ್ಲಿತ್ತು, ವಾಪಸ್ ಕ್ಯಾಬ್ ಪಾಯಸ ಬರೋ ಹೊತ್ತಿಗೇ ಬುಕ್ ಮಾಡಿದ್ದೆ. ಬಡಿಸಿದ ಇಬ್ರು ಹುಡುಗ್ರಿಗೆ ಅಮ್ಮ ತಾನೇ ಕೈಯಾರೆ ದುಡ್ಡು ಕೊಟ್ಟು ಊರು ಯಾವ್ದು ಅಂತ ವಿಚಾರಿಸಿದ್ಲು, ಒಬ್ಬ ಹಾಸನ, ಇನ್ನೊಬ್ಬ ಬೈಂದೂರು ಅಂದ. ರಾತ್ರಿ ಊಟಕ್ಕೆ ಏನು ಮಾಡ್ಲಿ ಅಂತ ಕೇಳಿದ್ರೆ "ಬೇಡ ಕಣೋ, ಹೊಟ್ಟೆ ತುಂಬಿದೆ" ಅಂದ್ಲು.